ಅಗ್ಗದ ಬಿಯರು, ಹಳೆಯ ಬ್ಯಾಂಕು, ಸದ್ದಿಲ್ಲದ ಸಭಾಂಗಣ: ಬ್ರಿಟನ್ನಿನ ‘ಸ್ಪೂನ್ಸ್’ ಪಬ್ಬುಗಳ ಒಳಹೊರಗು

ಇಂಗ್ಲೆಂಡಿನ ಯಾವುದಾದರೂ ಮಧ್ಯಮ ಗಾತ್ರದ ಪಟ್ಟಣದ ಪೇಟೆಬೀದಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನೋಡಿದರೆ, ಅಂಗಡಿಗಳು ಇನ್ನೂ ಬಾಗಿಲು ತೆರೆಯುತ್ತಿರುತ್ತವೆ. ಆದರೆ ಒಂದು ದೊಡ್ಡ ಕಟ್ಟಡದೊಳಗೆ ಆಗಲೇ ಜನರಿರುತ್ತಾರೆ. ಒಂದು ಮೇಜಿನಲ್ಲಿ ನಿವೃತ್ತ ದಂಪತಿ ಮೊಟ್ಟೆ, ಬೀನ್ಸ್, ಟೋಸ್ಟಿನ ಉಪಾಹಾರ ಮಾಡುತ್ತಿರುತ್ತಾರೆ. ಇನ್ನೊಂದರಲ್ಲಿ ಕಟ್ಟಡ ಕೆಲಸದ ಹುಡುಗರು ಚಹಾ ಕುಡಿಯುತ್ತಿರುತ್ತಾರೆ. ಮೂಲೆಯಲ್ಲೊಬ್ಬ ವೃದ್ಧ ಒಂದೇ ಕಾಫಿ ಬಟ್ಟಲನ್ನು ಮುಂದಿಟ್ಟುಕೊಂಡು ಪತ್ರಿಕೆ ಓದುತ್ತಿರುತ್ತಾನೆ. ಬಟ್ಟಲು ಬರಿದಾದಾಗ ಮತ್ತೆ ತುಂಬಿಸಿಕೊಳ್ಳಲು ಹಣ ಕೊಡಬೇಕಾಗಿಲ್ಲ. ಅವನಿಂದ ಎರಡು ಮೇಜು ಆಚೆಗೆ, ಮತ್ತೊಬ್ಬನ ಮುಂದೆ ದಿನದ ಮೊದಲ ಪಿಂಟ್ ಬಿಯರು ಬಂದಿರುತ್ತದೆ.

ಇದು ಜೆ.ಡಿ. ವೆದರ್‌ಸ್ಪೂನ್ ಕಂಪನಿಯ ಪಬ್ಬು. ಜನರ ಬಾಯಲ್ಲಿ ‘ಸ್ಪೂನ್ಸ್’. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಸುಮಾರು 800 ಇಂಥ ಪಬ್ಬುಗಳಿವೆ. ಈ ಹೆಸರು ಕೇಳಿದೊಡನೆ ಒಬ್ಬ ಬ್ರಿಟಿಷ್ ಪ್ರಜೆ ಮುಗುಳ್ನಗಬಹುದು, ಇನ್ನೊಬ್ಬ ಮುಖ ಸಿಂಡರಿಸಬಹುದು. ಇಬ್ಬರೂ ಕಳೆದ ವಾರವಷ್ಟೇ ಅಲ್ಲಿಗೆ ಹೋಗಿ ಬಂದಿರುವ ಸಾಧ್ಯತೆಯೂ ಇಲ್ಲದಿಲ್ಲ. ಓದಲೆಂದು ಬ್ರಿಟನ್ನಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲೇ ಕಲಿಯುವ ಹೆಸರುಗಳಲ್ಲಿ ಇದೂ ಒಂದು. ಆ ದೇಶದಲ್ಲಿ ಹೊರಗೆ ಕುಳಿತು ಉಣ್ಣುವುದೆಂದರೆ ಪೌಂಡನ್ನು ರೂಪಾಯಿಗೆ ಗುಣಿಸಿ ಬೆವರುವ ಕಾಲದಲ್ಲಿ, ಅಗ್ಗದ ಬಾಗಿಲು ಯಾವುದೆಂದು ಯಾರೂ ಕಲಿಸಬೇಕಾಗಿಲ್ಲ.

ಹೆಸರಿನ ಹಿಂದಿನ ಕತೆ

ಕಂಪನಿಯ ಸ್ಥಾಪಕ ಟಿಮ್ ಮಾರ್ಟಿನ್. ನಾರ್ವಿಚ್‌ನಲ್ಲಿ ಹುಟ್ಟಿ, ಉತ್ತರ ಐರ್ಲೆಂಡ್ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಬೆಳೆದು, ಕಾನೂನು ಓದಿದ ಈತ ವಕೀಲಿ ವೃತ್ತಿಗೆ ಇಳಿಯಲೇ ಇಲ್ಲ. 1979ರಲ್ಲಿ ಉತ್ತರ ಲಂಡನ್‌ನ ಮಸ್‌ವೆಲ್ ಹಿಲ್‌ನಲ್ಲಿ ಮೊದಲ ಪಬ್ಬನ್ನು ಆರಂಭಿಸಿದಾಗ ಆತನಿಗೆ ಇಪ್ಪತ್ತನಾಲ್ಕರ ಪ್ರಾಯ. ‘ವೆದರ್‌ಸ್ಪೂನ್’ ಎಂಬುದು ನ್ಯೂಜಿಲೆಂಡಿನಲ್ಲಿ ಆತನಿಗೆ ಪಾಠ ಹೇಳಿದ ಒಬ್ಬ ಮೇಷ್ಟರ ಹೆಸರು. ತರಗತಿಯನ್ನು ಹಿಡಿತದಲ್ಲಿಡಲು ಆ ಮೇಷ್ಟರಿಗೆ ಆಗುತ್ತಿರಲಿಲ್ಲವಂತೆ. ತನ್ನ ಪಬ್ಬಿನ ಗಿರಾಕಿಗಳನ್ನು ಹಿಡಿತದಲ್ಲಿಡಲು ತನಗೂ ಆಗದೆಂದು ಮಾರ್ಟಿನ್ ಆ ಹೆಸರನ್ನಿಟ್ಟ. ‘ಜೆ.ಡಿ.’ ಬಂದದ್ದು ‘ದಿ ಡ್ಯೂಕ್ಸ್ ಆಫ್ ಹಝರ್ಡ್’ ಎಂಬ ಅಮೆರಿಕನ್ ಟಿವಿ ಧಾರಾವಾಹಿಯ ಖಳಪಾತ್ರದಿಂದ. ಒಂದು ಕಾಲು ತಮಾಷೆಯಲ್ಲಿ, ಇನ್ನೊಂದು ಕಾಲು ಲೆಕ್ಕದಲ್ಲಿ ಇಟ್ಟು ನಡೆಯುವ ಕಂಪನಿಯ ಸ್ವಭಾವ ಅಲ್ಲಿಂದಲೇ ಮೊದಲಾಯಿತೆನ್ನಬಹುದು. 1992ರಲ್ಲಿ ಕಂಪನಿ ಲಂಡನ್ ಷೇರುಪೇಟೆ ಪ್ರವೇಶಿಸಿತು.

ಮಾರ್ಟಿನ್ ಎಷ್ಟು ಭಿನ್ನ ಹಾದಿ ಹಿಡಿದ ಎಂಬುದು ತಿಳಿಯಬೇಕಾದರೆ ಅಂದಿನ ಬ್ರಿಟಿಷ್ ಪಬ್ಬು ವ್ಯವಹಾರದ ಬಗ್ಗೆ ಎರಡು ಮಾತು ಹೇಳಬೇಕಾಗುತ್ತದೆ. ಆಗ ಬಹುಪಾಲು ಪಬ್ಬುಗಳು ಬಿಯರ್ ತಯಾರಿಸುವ ದೊಡ್ಡ ಕಂಪನಿಗಳ ಸೊತ್ತಾಗಿದ್ದವು. ಪಬ್ಬು ನಡೆಸುವವನು ಬಾಡಿಗೆದಾರ. ಒಡೆಯ ಕಂಪನಿಯ ಬಿಯರನ್ನೇ, ಅದು ಹೇಳಿದ ಬೆಲೆಗೇ ಕೊಳ್ಳಬೇಕು. ಇದಕ್ಕೆ ‘ಟೈ’ ಎನ್ನುತ್ತಾರೆ, ಅಂದರೆ ಕಟ್ಟುಪಾಡು. ಈ ಏಕಸ್ವಾಮ್ಯವನ್ನು ಸಡಿಲಿಸಲು ಸರಕಾರ 1989ರಲ್ಲಿ ‘ಬಿಯರ್ ಆರ್ಡರ್ಸ್’ ಎಂಬ ನಿಯಮ ತಂದಿತು. ಬ್ರೂವರಿಗಳು ಸಾವಿರಾರು ಪಬ್ಬುಗಳನ್ನು ಮಾರಿದವು. ಕೊಂಡವರು ಮಾತ್ರ ಹೊಸ ಜಮೀನ್ದಾರರಾದರು: ‘ಪಬ್‌ಕೊ’ ಎಂದು ಕರೆಯಲಾಗುವ ಆಸ್ತಿ ಕಂಪನಿಗಳು ಅದೇ ಕಟ್ಟುಪಾಡನ್ನು ಮುಂದುವರಿಸಿದವು. ಇಂದಿಗೂ ಅನೇಕ ಸಣ್ಣ ಪಬ್ಬುಗಳ ಬಾಡಿಗೆದಾರರು ಒಂದೆಡೆ ಬಾಡಿಗೆ, ಇನ್ನೊಂದೆಡೆ ಮಾರುಕಟ್ಟೆಗಿಂತ ದುಬಾರಿ ಬಿಯರು, ಇವೆರಡರ ನಡುವೆ ಸಿಕ್ಕಿಬಿದ್ದಿದ್ದಾರೆ.

ಮಾರ್ಟಿನ್ ಈ ಕಟ್ಟಿಗೆ ಕೊರಳೊಡ್ಡಲಿಲ್ಲ. ಪಬ್ಬನ್ನು ಕೊಳ್ಳುವ ಬದಲು ಪಬ್ಬಲ್ಲದ ಕಟ್ಟಡವನ್ನು ಹಿಡಿದು ಪಬ್ಬು ಮಾಡುವುದು ಆತನ ಉಪಾಯವಾಗಿತ್ತು. ಟಿವಿ ಬಂದಮೇಲೆ ಸಿನಿಮಾ ಮಂದಿರಗಳು ಮುಚ್ಚಿದ್ದವು. ಬ್ಯಾಂಕುಗಳು ಶಾಖೆಗಳನ್ನು ಕೈಬಿಡುತ್ತಿದ್ದವು. ಅಂಚೆ ಕಚೇರಿ, ಕಾರ್ ಷೋರೂಮ್, ಪ್ರಾರ್ಥನಾ ಮಂದಿರ, ನಾಟಕಶಾಲೆ, ಹೀಗೆ ಊರ ನಡುವೆ ಖಾಲಿ ಬಿದ್ದ ವಿಶಾಲ ಜಾಗಗಳಿಗೆ ಗಿರಾಕಿಯೇ ಇರಲಿಲ್ಲ. ಲಂಡನ್ ನಗರದ ಗ್ರೇಸ್‌ಚರ್ಚ್ ಸ್ಟ್ರೀಟಿನ ‘ದಿ ಕ್ರಾಸ್ ಕೀಸ್’ ಒಂದು ಕಾಲಕ್ಕೆ ಹಾಂಗ್‌ಕಾಂಗ್ ಅಂಡ್ ಶಾಂಘೈ ಬ್ಯಾಂಕಿನ ಕಚೇರಿ. ಅದರ ಅಮೃತಶಿಲೆಯ ಕಂಬಗಳ ಅಡಿಯಲ್ಲಿ ಇಂದು ಆಲೂಗಡ್ಡೆ ಚಿಪ್ಸು ಬಡಿಸುತ್ತಾರೆ. ಟನ್‌ಬ್ರಿಜ್ ವೆಲ್ಸ್ ಪಟ್ಟಣದ ಪಬ್ಬು 1902ರಲ್ಲಿ ಕಟ್ಟಿದ ಆಪೆರಾ ಮಂದಿರ. ರಂಗವೇದಿಕೆ, ಬಾಲ್ಕನಿಗಳು ಹಾಗೇ ಇವೆ. ರಾಮ್ಸ್‌ಗೇಟ್ ಕಡಲ ತೀರದಲ್ಲಿ ಪಾಳುಬಿದ್ದಿದ್ದ ರಾಯಲ್ ವಿಕ್ಟೋರಿಯಾ ಪೆವಿಲಿಯನ್ 2017ರಲ್ಲಿ ಈ ಕಂಪನಿಯ ಅತಿ ದೊಡ್ಡ ಪಬ್ಬಾಗಿ ತೆರೆದುಕೊಂಡಿತು.

ಇಂಥ ಕಟ್ಟಡಗಳನ್ನು ಕೆಡವಿ ಗಾಜಿನ ಡಬ್ಬಿ ಕಟ್ಟುವುದು ಸುಲಭವಿತ್ತು. ಕಂಪನಿ ಹಾಗೆ ಮಾಡಲಿಲ್ಲ. ಕಂಪನಿಯ ಕಟುಟೀಕಾಕಾರರೂ ಇದನ್ನು ಒಪ್ಪುತ್ತಾರೆ. ಪಬ್ಬಿಗೆ ಆ ಊರಿನ ವ್ಯಕ್ತಿಯದ್ದೋ ಘಟನೆಯದ್ದೋ ಹೆಸರು, ಗೋಡೆಯ ಮೇಲೆ ಸ್ಥಳೀಯ ಇತಿಹಾಸದ ಚಿತ್ರ ಮತ್ತು ಬರಹ, ನೆಲಕ್ಕೆ ಆ ಪಬ್ಬಿಗೆಂದೇ ವಿನ್ಯಾಸಗೊಳಿಸಿ ನೇಯಿಸಿದ ಕಾರ್ಪೆಟ್. ಈ ಕಾರ್ಪೆಟ್‌ಗಳ ಬಗ್ಗೆಯೇ 2016ರಲ್ಲಿ ಒಂದು ಪುಸ್ತಕ ಬಂದಿತು ಎಂದರೆ ನಂಬಲು ತುಸು ಕಷ್ಟ. ಶೌಚಾಲಯಗಳ ಸ್ವಚ್ಛತೆಗೂ ಕಂಪನಿ ಪ್ರಶಸ್ತಿಗಳನ್ನು ಬಾಚಿಕೊಂಡಿದೆ. ಆದರೆ ಅಲ್ಲಿಗೆ ತಲುಪಲು ಎರಡು ಮಹಡಿ ಹತ್ತಿ, ಓಣಿ ದಾಟಿ, ಮತ್ತೆ ನಾಲ್ಕು ಮೆಟ್ಟಿಲಿಳಿಯಬೇಕು ಎಂಬುದು ಗಿರಾಕಿಗಳ ಹಳೆಯ ಹಾಸ್ಯ.

ಅಗ್ಗವಾಗುವುದು ಹೇಗೆ?

ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಅದೇ ಬೀದಿಯ ಬೇರೆ ಪಬ್ಬಿಗಿಂತ ಸ್ಪೂನ್ಸ್‌ನಲ್ಲಿ ಅದು ಒಂದೆರಡು ಪೌಂಡ್ ಕಡಿಮೆಗೆ ಸಿಗುವುದು ಸಾಮಾನ್ಯ. ಇದನ್ನು ಕಂಡು ‘ವಾಯಿದೆ ಮುಗಿಯುತ್ತಿರುವ ಬಿಯರನ್ನು ಕೊಂಡು ಮಾರುತ್ತಾರೆ’ ಎಂಬ ವದಂತಿ ಹಲವು ದಶಕಗಳಿಂದ ಹಬ್ಬಿಕೊಂಡಿದೆ. ಕಂಪನಿ ಇದನ್ನು ನಿರಾಕರಿಸುತ್ತ ಬಂದಿದೆ. ವದಂತಿಯನ್ನು ನಂಬಲು ಕಾರಣವೂ ಇಲ್ಲ. ಅಗ್ಗದ ಗುಟ್ಟು ಅದಕ್ಕಿಂತ ಸರಳವಾಗಿದೆ.

ನಮ್ಮ ಬೆಂಗಳೂರಿನ ದರ್ಶಿನಿಯನ್ನು ನೆನೆಸಿಕೊಳ್ಳಿ. ಮಾಣಿ ಇಲ್ಲ, ಕುರ್ಚಿ ಇಲ್ಲ, ಗಲ್ಲಾದಲ್ಲಿ ಚೀಟಿ ಪಡೆದು ನೀವೇ ತಟ್ಟೆ ತರಬೇಕು. ಒಂದು ಇಡ್ಲಿಯ ಮೇಲೆ ಉಳಿಯುವ ಲಾಭ ಕಡಿಮೆ, ಆದರೆ ದಿನಕ್ಕೆ ಹೋಗುವ ಇಡ್ಲಿಗಳ ಲೆಕ್ಕ ದೊಡ್ಡದು. ಸ್ಪೂನ್ಸ್‌ನಲ್ಲಿ ಕುರ್ಚಿಗಳು ಧಾರಾಳವಾಗಿವೆ ಎಂಬುದನ್ನು ಬಿಟ್ಟರೆ ಲೆಕ್ಕಾಚಾರ ಅದೇ. ಬೆಳಿಗ್ಗೆಯಿಂದ ಮಧ್ಯರಾತ್ರಿಯವರೆಗೆ ಬಾಗಿಲು ತೆರೆದಿರುತ್ತದೆ. ಒಂದೇ ಬಾಡಿಗೆಯ, ಒಂದೇ ವಿದ್ಯುತ್ತಿನ ಮೇಲೆ ಉಪಾಹಾರ, ಮಧ್ಯಾಹ್ನದ ಊಟ, ಸಂಜೆಯ ಪಾನ ಮೂರೂ ನಡೆಯುತ್ತವೆ. ನೂರಾರು ಪಬ್ಬುಗಳಿಗೆ ಒಟ್ಟಾಗಿ ಬಿಯರು ಕೊಳ್ಳುವುದರಿಂದ ಚೌಕಾಸಿಯ ಬಲವಿದೆ. ಕಟ್ಟಡಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಂಪನಿಯ ಸ್ವಂತದ್ದಾದ್ದರಿಂದ ಬಾಡಿಗೆಯ ಹೊರೆ ಇಳಿದಿದೆ. 2024ರ ಜುಲೈಗೆ ಕೊನೆಗೊಂಡ ಹಣಕಾಸು ವರ್ಷದಲ್ಲಿ ಕಂಪನಿಯ ವಹಿವಾಟು 200 ಕೋಟಿ ಪೌಂಡ್ ದಾಟಿತ್ತು; ತೆರಿಗೆಗೆ ಮುಂಚಿನ ಲಾಭ ಸುಮಾರು 7.4 ಕೋಟಿ ಪೌಂಡ್. ಎಂದರೆ ನೂರು ಪೌಂಡ್ ಮಾರಾಟದ ಮೇಲೆ ಉಳಿದದ್ದು ನಾಲ್ಕು ಪೌಂಡಿಗೂ ಕಡಿಮೆ.

ವೇಗದ ಮಾರಾಟದಿಂದ ಬಿಯರಿನ ಗುಣಕ್ಕೂ ಲಾಭವಿದೆ. ಇಂಗ್ಲಿಷರು ಹೆಮ್ಮೆಪಡುವ ‘ಕಾಸ್ಕ್ ಏಲ್’ ಪೀಪಾಯಿಯೊಳಗೇ ಮತ್ತೊಮ್ಮೆ ಹುದುಗುವ, ಕೈಪಂಪಿನಿಂದ ಎಳೆದು ಕೊಡುವ ಜೀವಂತ ಬಿಯರು. ಪೀಪಾಯಿ ಒಮ್ಮೆ ತೆರೆದರೆ ಮೂರ್ನಾಲ್ಕು ದಿನಗಳಲ್ಲಿ ಮುಗಿಯಬೇಕು, ಇಲ್ಲವಾದರೆ ಹುಳಿಯತೊಡಗುತ್ತದೆ. ನಮ್ಮ ದೋಸೆ ಹಿಟ್ಟಿನ ಗೃಹಿಣಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ದಿನಕ್ಕೆ ಹತ್ತು ಲೋಟ ಮಾರುವ ಪಬ್ಬಿನಲ್ಲಿ ಕಾಸ್ಕ್ ಏಲ್ ಅದೃಷ್ಟದ ಆಟ. ಜನ ಕಿಕ್ಕಿರಿಯುವ ಕಡೆ ಅದು ತಾಜಾ ಇರುತ್ತದೆ. ಸ್ಥಳೀಯ ಸಣ್ಣ ಬ್ರೂವರಿಗಳ ಏಲನ್ನು ಸ್ಪೂನ್ಸ್ ಅತಿಥಿಯಾಗಿ ಇರಿಸಿಕೊಳ್ಳುವುದರಿಂದ ಎಷ್ಟೋ ಮಂದಿ ಅವುಗಳ ರುಚಿ ಕಂಡದ್ದೇ ಇಲ್ಲಿ. ಅದೇ ಬಿಯರನ್ನು ಎದುರು ಬೀದಿಯ ಪಬ್ಬಿನವನು ಹೆಚ್ಚಿನ ಬೆಲೆಗೆ ಮಾರಿದಾಗ ಗಿರಾಕಿ ಹುಬ್ಬೇರಿಸುತ್ತಾನೆ ಎಂಬುದೂ ನಿಜವೇ.

ಊಟದ ವಿಷಯದಲ್ಲಿ ಇಷ್ಟು ಹೊಗಳಲು ಆಗುವುದಿಲ್ಲ. ಪಟ್ಟಿ ಎಲ್ಲ ಊರುಗಳಲ್ಲೂ ಬಹುತೇಕ ಒಂದೇ. ಬಹಳಷ್ಟು ಪದಾರ್ಥ ಸಿದ್ಧವಾಗಿಯೇ ಬರುತ್ತದೆ. ಅಡುಗೆಮನೆಯ ಕೆಲಸ ಬಿಸಿಮಾಡುವುದು, ಕರಿಯುವುದು, ಜೋಡಿಸುವುದು. ಗುರುವಾರದ ‘ಕರಿ ಕ್ಲಬ್’ ದೀರ್ಘಕಾಲ ಅಲ್ಲಿನ ಜನಪ್ರಿಯ ಸಂಪ್ರದಾಯ: ಚಿಕನ್ ಟಿಕ್ಕಾ ಮಸಾಲಾದಂಥ ಒಂದು ಸಾರು, ಅನ್ನ, ನಾನ್, ಹಪ್ಪಳ, ಮಾವಿನ ಚಟ್ನಿ, ಜತೆಗೆ ಒಂದು ಪಾನೀಯವೂ ಸೇರಿ ಒಂದೇ ಬೆಲೆ. ಕನ್ನಡದ ನಾಲಿಗೆಗೆ ಅದು ಸಿಹಿ ಎನಿಸುತ್ತದೆ, ಖಾರ ಹುಡುಕಿದರೂ ಸಿಗದು. ಆದರೂ ಚಳಿಗಾಲದ ಸಂಜೆ ನಾಲ್ಕಕ್ಕೇ ಕತ್ತಲಾದಾಗ, ಬಾಡಿಗೆ ಕೋಣೆಯಲ್ಲಿ ಹೀಟರ್ ಹಾಕಲು ಹಿಂಜರಿಯುವ ವಿದ್ಯಾರ್ಥಿಗೆ ಬಿಸಿಯಾದ ಹಪ್ಪಳವನ್ನು ದೂರುವ ಮನಸ್ಸು ಬರುವುದಿಲ್ಲ.

ಆರ್ವೆಲ್ ಕಂಡ ಕನಸು

ಈ ಪಬ್ಬುಗಳಲ್ಲಿ ಕೆಲವಕ್ಕೆ ‘ದಿ ಮೂನ್ ಅಂಡರ್ ವಾಟರ್’ ಎಂಬ ವಿಚಿತ್ರ ಹೆಸರಿದೆ. ಇದು ಜಾರ್ಜ್ ಆರ್ವೆಲ್ 1946ರ ಫೆಬ್ರವರಿಯಲ್ಲಿ ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಗೆ ಬರೆದ ಪ್ರಬಂಧದ ಶೀರ್ಷಿಕೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಈ ಲೇಖಕ ಅದರಲ್ಲಿ ತನಗೆ ಬೇಕಾದ ಆದರ್ಶ ಪಬ್ಬನ್ನು ವರ್ಣಿಸಿ, ಕೊನೆಗೆ ಅಂಥ ಪಬ್ಬೇ ಇಲ್ಲವೆಂದು ಒಪ್ಪಿಕೊಂಡಿದ್ದಾನೆ. ಆತನ ಪಬ್ಬಿನಲ್ಲಿ ರೇಡಿಯೊ ಇಲ್ಲ, ಪಿಯಾನೊ ಇಲ್ಲ. ಮಾತಾಡಲು ಆಗುವಷ್ಟು ನಿಶ್ಶಬ್ದವಿದೆ. ಮಾರ್ಟಿನ್ ಈ ಪ್ರಬಂಧವನ್ನು ಮೆಚ್ಚಿ ತನ್ನ ಪಬ್ಬುಗಳಿಂದ ಸಂಗೀತವನ್ನು ಹೊರಗಿಟ್ಟ. ‘ಲಾಯ್ಡ್ಸ್ ನಂ. 1’ ಎಂಬ ಹೆಸರಿನ ಕೆಲವನ್ನು ಬಿಟ್ಟರೆ ಇಂದಿಗೂ ಸ್ಪೂನ್ಸ್‌ನಲ್ಲಿ ಹಾಡು ಕೇಳಿಸದು. ಎದುರಿಗಿರುವವನ ಕಿವಿಗೆ ಬಾಯಿಟ್ಟು ಕೂಗಬೇಕಾದ ನಮ್ಮ ಬೆಂಗಳೂರಿನ ಪಬ್ಬುಗಳನ್ನು ಕಂಡವರಿಗೆ ಇದರ ಬೆಲೆ ತಿಳಿದೀತು.

ಆದರೆ ಆರ್ವೆಲ್ ಇನ್ನೊಂದು ಮಾತನ್ನೂ ಬರೆದಿದ್ದ. ಆ ಪಬ್ಬಿನ ಸಿಬ್ಬಂದಿಗೆ ಗಿರಾಕಿಗಳ ಹೆಸರು ಗೊತ್ತು, ಪ್ರತಿಯೊಬ್ಬರ ಬಗ್ಗೆ ಕಾಳಜಿ ಇದೆ. ನಿತ್ಯ ಬರುವವರು ಅವರವರ ಕುರ್ಚಿಯಲ್ಲೇ ಕೂರುತ್ತಾರೆ. ಸ್ಪೂನ್ಸ್ ನಿಶ್ಶಬ್ದವನ್ನು ಪಡೆದುಕೊಂಡಿತು, ಈ ಪರಿಚಯವನ್ನು ಪಡೆಯಲಿಲ್ಲ. ನೂರಾರು ಮಂದಿ ಕೂರುವ ಸಭಾಂಗಣದಲ್ಲಿ, ಕಡಿಮೆ ಸಂಬಳಕ್ಕೆ ಬಂದು ಹೋಗುವ ಯುವ ನೌಕರರಿಗೆ ಎಷ್ಟು ಹೆಸರುಗಳು ನೆನಪಿರಲು ಸಾಧ್ಯ? 2017ರಲ್ಲಿ ಬಂದ ಮೊಬೈಲ್ ಆ್ಯಪ್ ಗಲ್ಲಾದ ಮುಂದಿನ ಎರಡು ಮಾತನ್ನೂ ಅನಗತ್ಯವಾಗಿಸಿತು: ಮೇಜಿನ ಸಂಖ್ಯೆ ಒತ್ತಿದರೆ ಬಿಯರು ಅಲ್ಲಿಗೇ ಬರುತ್ತದೆ. ಅದರಿಂದ ಒಂದು ಮೋಜೂ ಹುಟ್ಟಿಕೊಂಡಿತೆನ್ನಿ. ಎಲ್ಲೋ ದೂರದ ಊರಿನಲ್ಲಿರುವ ಅಪರಿಚಿತರು ಮೇಜಿನ ಸಂಖ್ಯೆ ತಿಳಿದು, ಕೂತವನಿಗೆ ಒಂದು ತಟ್ಟೆ ಬಟಾಣಿ ಕಳಿಸಿ ತಮಾಷೆ ನೋಡುವುದು ಒಂದು ಆಟವೇ ಆಗಿಬಿಟ್ಟಿತು.

ಒಂಟಿತನದ ಪ್ರಶ್ನೆ ಇಲ್ಲಿ ತುಸು ತೊಡಕಿನದ್ದು. ಯಾರೂ ಹೆಸರು ಹಿಡಿದು ಕರೆಯದಿರುವುದೇ ಕೆಲವರಿಗೆ ಹಿತ. ಒಂಟಿಯಾಗಿ ಬರುವ ಮಹಿಳೆ, ಗಾಲಿಕುರ್ಚಿಯಲ್ಲಿ ಬರುವವರು, ಊರಿಗೆ ಹೊಸಬರಾದ ವಲಸಿಗರು, ಇವರನ್ನು ಚಿಕ್ಕ ಪಬ್ಬಿನ ಹಳೆಯ ಗಿರಾಕಿಗಳು ತಿರುಗಿ ನೋಡುವಂತೆ ಇಲ್ಲಿ ಯಾರೂ ನೋಡುವುದಿಲ್ಲ. ಒಂದು ಕಾಫಿ ಕೊಂಡು ಮೂರು ಗಂಟೆ ಕೂತರೂ ಎಬ್ಬಿಸುವವರಿಲ್ಲ. ಗ್ರಂಥಾಲಯಗಳೂ ವೃದ್ಧರ ಹಗಲು ಕೇಂದ್ರಗಳೂ ಮುಚ್ಚುತ್ತ ಬಂದ ಪಟ್ಟಣಗಳಲ್ಲಿ, ಬೆಚ್ಚಗೆ ಕೂರಲು ಉಳಿದ ಕೆಲವೇ ಜಾಗಗಳಲ್ಲಿ ಇದೂ ಒಂದು. ಹಾಗೆಂದು ಎಲ್ಲರಿಗೂ ಬಾಗಿಲು ಸಮನಾಗಿ ತೆರೆದಿತ್ತೆಂದೂ ಅಲ್ಲ. ಉತ್ತರ ಲಂಡನ್ನಿನ ಒಂದು ಶಾಖೆಯಲ್ಲಿ 2011ರಲ್ಲಿ ಐರಿಷ್ ಅಲೆಮಾರಿ ಸಮುದಾಯದವರಿಗೆ ಪ್ರವೇಶ ನಿರಾಕರಿಸಿದ ಪ್ರಕರಣದಲ್ಲಿ, ಅದು ತಾರತಮ್ಯವೆಂದು 2015ರಲ್ಲಿ ನ್ಯಾಯಾಲಯ ತೀರ್ಪಿತ್ತು ಪರಿಹಾರ ಕೊಡಿಸಿತು.

ಲೋಟದ ತಳ

ಇನ್ನು ಬೆಳಗಿನ ಬಿಯರಿನ ಮಾತು. ಇಂಗ್ಲೆಂಡಿನಲ್ಲಿ ಈ ಪಬ್ಬುಗಳು ಸಾಮಾನ್ಯವಾಗಿ ಬೆಳಿಗ್ಗೆ ಒಂಬತ್ತರಿಂದಲೇ ಮದ್ಯ ಕೊಡುತ್ತವೆ, ಸ್ಕಾಟ್ಲೆಂಡಿನಲ್ಲಿ ಹತ್ತರಿಂದ. ರಾತ್ರಿಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ಅದು ಸಂಜೆಯ ಹೊತ್ತೇ ಸರಿ. ಆದರೆ ಅಲ್ಲಿರುವ ಎಲ್ಲರೂ ರಾತ್ರಿಪಾಳಿಯವರಲ್ಲ. ಅಗ್ಗದ ಬೆಲೆ, ದೀರ್ಘ ಸಮಯ, ಕೇಳುವವರಿಲ್ಲದ ಮೂಲೆ ಮೂರೂ ಒಂದಾದಾಗ ಕುಡಿತದ ಚಟಕ್ಕೆ ಬಿದ್ದವನಿಗೆ ಇದಕ್ಕಿಂತ ಅನುಕೂಲದ ಜಾಗ ಬೇರಿಲ್ಲ. ಕಂಪನಿಯ ವಾದ ಇದಕ್ಕೆ ತದ್ವಿರುದ್ಧವಾದದ್ದು: ನಿಜವಾದ ಅಪಾಯ ಇರುವುದು ಸೂಪರ್‌ಮಾರ್ಕೆಟಿನ ಅಗ್ಗದ ಡಬ್ಬಿಗಳಲ್ಲಿ, ಮನೆಯೊಳಗೆ ಯಾರೂ ಕಾಣದಂತೆ ಕುಡಿಯುವುದರಲ್ಲಿ. ಸೂಪರ್‌ಮಾರ್ಕೆಟಿನ ಬಹುಪಾಲು ಆಹಾರಕ್ಕೆ ವ್ಯಾಟ್ ಇಲ್ಲ, ಪಬ್ಬಿನ ಊಟಕ್ಕೆ ಶೇ. 20 ವ್ಯಾಟ್ ಇದೆ ಎಂಬುದು ಮಾರ್ಟಿನ್ ಎಡೆಬಿಡದೆ ಎತ್ತುವ ದೂರು.

ಈ ವಾದದಲ್ಲಿ ತಿರುಳಿಲ್ಲದಿಲ್ಲ. ಸ್ಕಾಟ್ಲೆಂಡ್ 2018ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ನಿಗದಿಗೊಳಿಸಿ, 2024ರ ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು ಒಂದು ಯೂನಿಟ್‌ಗೆ 65 ಪೆನ್ಸ್‌ಗೆ ಏರಿಸಿತು. ಯೂನಿಟ್ ಎಂದರೆ 10 ಮಿಲಿಲೀಟರ್ ಶುದ್ಧ ಮದ್ಯಸಾರ. ಶೇ. 4ರ ಒಂದು ಪಿಂಟ್ ಬಿಯರಿನಲ್ಲಿ ಸುಮಾರು 2.3 ಯೂನಿಟ್, ಅಂದರೆ ಕನಿಷ್ಠ ಬೆಲೆ ಒಂದೂವರೆ ಪೌಂಡಿನ ಆಸುಪಾಸು. ಸ್ಪೂನ್ಸ್ ಕೂಡ ಅಷ್ಟು ಅಗ್ಗವಾಗಿ ಮಾರುವುದಿಲ್ಲ. ಕಾನೂನಿನ ಪೆಟ್ಟು ಬಿದ್ದದ್ದು ಅಂಗಡಿಯ ಕಪಾಟಿಗೆ. ಹಾಗಿದ್ದರೂ ಬೆಳಿಗ್ಗೆ ಹತ್ತರೊಳಗೆ ಮೂರನೆಯ ಲೋಟ ತುಂಬಿಸಿಕೊಡುವುದಕ್ಕೆ ಸೂಪರ್‌ಮಾರ್ಕೆಟನ್ನು ತೋರಿಸುವುದು ಉತ್ತರವೆನಿಸದು.

ನೆರೆಯ ಸಣ್ಣ ಪಬ್ಬುಗಳ ಗತಿಯೇನು? 2000ದಲ್ಲಿ ಬ್ರಿಟನ್ನಿನಲ್ಲಿ ಸುಮಾರು 60 ಸಾವಿರ ಪಬ್ಬುಗಳಿದ್ದವು. ಈಗ ಸುಮಾರು 45 ಸಾವಿರ. ಎಲ್ಲ ಪಾಪವನ್ನೂ ಸ್ಪೂನ್ಸ್‌ನ ತಲೆಗೆ ಕಟ್ಟುವುದು ತಪ್ಪಾದೀತು. ಅಂಗಡಿಯ ಅಗ್ಗದ ಬಿಯರು, 2007ರ ಧೂಮಪಾನ ನಿಷೇಧ, ಪಬ್ಬಿಗಿಂತ ಫ್ಲಾಟು ಲಾಭದಾಯಕವಾಗುವಂತೆ ಏರಿದ ನಿವೇಶನ ಬೆಲೆ, ಮೇಲೆ ಹೇಳಿದ ಕಟ್ಟುಪಾಡು ಇವೆಲ್ಲ ಸೇರಿ ಆದದ್ದಿದು. ಆದರೆ ಕಟ್ಟುಪಾಡಿನ ಬಿಯರನ್ನು ದುಬಾರಿಗೆ ಕೊಂಡು, ಮೇಲಿನ ಮಹಡಿಯಲ್ಲೇ ಸಂಸಾರ ಹೂಡಿ ಪಬ್ಬು ನಡೆಸುವ ದಂಪತಿಗೆ ಎದುರು ಬೀದಿಯಲ್ಲಿ ಸ್ಪೂನ್ಸ್ ತೆರೆಯಿತೆಂದರೆ, ಸ್ಪರ್ಧೆ ಎಂಬ ಪದ ಅಲ್ಲಿ ಒಪ್ಪುವುದಿಲ್ಲ.

ನೌಕರರ ಕತೆ ಇನ್ನೊಂದು. 2018ರ ಅಕ್ಟೋಬರ್ 4ರಂದು ಬ್ರೈಟನ್ನಿನ ಎರಡು ಶಾಖೆಗಳ ಕೆಲಸಗಾರರು ಗಂಟೆಗೆ 10 ಪೌಂಡ್ ವೇತನ ಕೇಳಿ ಮುಷ್ಕರ ಹೂಡಿದರು. ಇಂಥ ಪಬ್ಬು ಸರಪಳಿಯಲ್ಲಿ ಮುಷ್ಕರವೆಂಬುದು ಅಪರೂಪದ ಸಂಗತಿ. 2020ರ ಮಾರ್ಚ್ 20ರಂದು ಕೊರೊನಾ ಕಾರಣ ಪಬ್ಬುಗಳನ್ನು ಮುಚ್ಚಲು ಸರಕಾರ ಆದೇಶಿಸಿದಾಗ ಸುಮಾರು 40 ಸಾವಿರ ನೌಕರರ ಮುಂದೆ ಮಾರ್ಟಿನ್‌ನ ವಿಡಿಯೊ ಸಂದೇಶ ಬಂತು. ಸರಕಾರದ ಸಹಾಯಧನ ಬರುವವರೆಗೆ ವೇತನದ ಭರವಸೆ ಅದರಲ್ಲಿ ಇರಲಿಲ್ಲ. ಟೆಸ್ಕೊದಂಥ ಅಂಗಡಿಯಲ್ಲಿ ಕೆಲಸ ಸಿಕ್ಕರೆ ಹೋಗಬಹುದು, ಮರಳಿ ಬಂದರೆ ಆದ್ಯತೆಯಿದೆ ಎಂಬ ಮಾತಿತ್ತು. ಸಂಸದರೂ ಸಾರ್ವಜನಿಕರೂ ಕಿಡಿಕಾರಿದ ಬಳಿಕ ಕಂಪನಿ ವೇತನ ಪಾವತಿಯ ವ್ಯವಸ್ಥೆಯನ್ನು ಪ್ರಕಟಿಸಿತು. ನೌಕರರಿಗೆ ಉಚಿತ ಷೇರು ಮತ್ತು ಬೋನಸ್ ಕೊಡುವ ಪದ್ಧತಿ ಈ ಕಂಪನಿಯಲ್ಲಿ ಹಳೆಯದು ಎಂಬುದನ್ನೂ ಇಲ್ಲಿ ಹೇಳಬೇಕು. ಎರಡೂ ಒಂದೇ ಕಂಪನಿಯ ನಡೆಗಳೇ.

ರಾಜಕೀಯ ಬೆರೆತದ್ದು 2016ರಲ್ಲಿ. ಐರೋಪ್ಯ ಒಕ್ಕೂಟದಿಂದ ಹೊರಬರಬೇಕೆಂದು ವಾದಿಸುವ ಬಿಯರ್ ಮ್ಯಾಟುಗಳು, ಅಂದರೆ ಲೋಟದ ಅಡಿ ಇಡುವ ರಟ್ಟಿನ ಬಿಲ್ಲೆಗಳು, ಮೇಜುಗಳ ಮೇಲೆ ಬಂದವು. ಮಾರ್ಟಿನ್ ಬ್ರೆಕ್ಸಿಟ್‌ನ ಮುಂಚೂಣಿ ಪ್ರಚಾರಕನಾದ. ಆಮೇಲೆ ಷಾಂಪೇನ್ ಹೋಗಿ ಇಂಗ್ಲಿಷ್ ವೈನ್ ಬಂತು. ಮಾಲೀಕನ ಮಾತು ಇಷ್ಟವಾಗದೆ ಬಾಗಿಲು ತುಳಿಯದವರು ಆಗಿನಿಂದ ಇದ್ದಾರೆ. ಮಾತನ್ನು ಬೈಯುತ್ತಲೇ ಬಿಯರು ಕುಡಿಯುವವರು ಅವರಿಗಿಂತ ಹೆಚ್ಚು. 2024ರ ಹೊಸವರ್ಷದ ಗೌರವಪಟ್ಟಿಯಲ್ಲಿ ಆತನಿಗೆ ‘ಸರ್’ ಪದವಿ ದೊರೆಯಿತು.

ಒಂದು ಕಾಲಕ್ಕೆ 950 ದಾಟಿದ್ದ ಪಬ್ಬುಗಳ ಸಂಖ್ಯೆ 2015ರ ನಂತರ ಇಳಿಯುತ್ತ ಬಂದಿದೆ. ಒಂದೇ ಊರಿನಲ್ಲಿ ಎರಡು ಮೂರು ಇದ್ದ ಕಡೆ, ಗುತ್ತಿಗೆಯ ಅವಧಿ ಮುಗಿದ ಕಡೆ ಕಂಪನಿ ಕೈಬಿಡುತ್ತಿದೆ. ಹೊಸ ಸ್ಪೂನ್ಸ್ ಬೇಡವೆಂದು ಅರ್ಜಿ ಸಲ್ಲಿಸಿದ ಊರುಗಳಿವೆ. ಇದ್ದದ್ದನ್ನು ಮುಚ್ಚಬೇಡಿ ಎಂದು ಸಹಿ ಸಂಗ್ರಹಿಸಿದ ಊರುಗಳೂ ಇವೆ. ಎರಡನೆಯ ಅರ್ಜಿಗೆ ಸಹಿ ಹಾಕುವವರು ಸಾಮಾನ್ಯವಾಗಿ ಬೆಳಗಿನ ಒಂಬತ್ತರ ಗಿರಾಕಿಗಳು.

ಬ್ರಿಟನ್ನಿಗೆ ಹೊರಟವರಿಗೆ ಕೊನೆಯದಾಗಿ ಎರಡು ಸೂಚನೆ. ಮೇಜಿನಲ್ಲಿ ಕೂತು ಮಾಣಿಗಾಗಿ ಕಾಯಬೇಡಿ. ಮೇಜಿನ ಸಂಖ್ಯೆ ನೋಡಿಕೊಂಡು ಬಾರಿನ ಬಳಿ ಹೋಗಿ ಹೇಳಬೇಕು. ಎಳೆಯ ಮುಖದವರಾದರೆ ವಯಸ್ಸಿನ ಪುರಾವೆ ಜತೆಯಲ್ಲಿರಲಿ. ಬೆಲೆ ಎಲ್ಲ ಶಾಖೆಗಳಲ್ಲಿ ಒಂದೇ ಎಂದು ತಿಳಿಯುವುದೂ ತಪ್ಪು. ವಿಮಾನ ನಿಲ್ದಾಣದ ಸ್ಪೂನ್ಸ್‌ನಲ್ಲಿ ಕೊಡುವ ಹಣಕ್ಕೂ ಉತ್ತರ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಕೊಡುವ ಹಣಕ್ಕೂ ಅಜಗಜಾಂತರವಿದೆ.